ಬೆಟ್ಟದಕ್ಕನ ತೂತಿನ ಕಾಗದ

ಬೆಳಗಿನ ಐದೂವರೆ. ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನ ತಗಡಿನ ಬಾಗಿಲು ಅರ್ಧ ಮಾತ್ರ ಸರಿದಿದೆ. ಬೆಸುಗೆಯವರು, ಬಡಗಿಗಳು ಬರಲು ಇನ್ನೂ ಎರಡೂವರೆ ಗಂಟೆ ಇದೆ. ಒಳಗೆ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ, ಐವತ್ತೊಂದು ವರ್ಷದ ಹೆಂಗಸೊಬ್ಬರು ಲಾರಿಯ ಹಿಂಬಾಗಿಲಿಗೆ ಮುಖ ಮಾಡಿ ಕೂತಿದ್ದಾರೆ. ನಿನ್ನೆ ಬಳಿದ ತಿಳಿನೀಲಿ ಒಣಗಿ ಗಟ್ಟಿಯಾಗಿದೆ. ಅದನ್ನು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಆಮೇಲೆ ಒಣಬಟ್ಟೆಯಲ್ಲಿ, ಕೊನೆಗೆ ಬರಿಗೈಯಲ್ಲಿ. “ಬಟ್ಟೆಗೆ ಸಿಗದ ಧೂಳು ಅಂಗೈಗೆ ಸಿಗುತ್ತೆ,” ಎನ್ನುತ್ತಾರೆ, ತಿರುಗಿ ನೋಡದೆ.

ಪಕ್ಕದಲ್ಲಿ ಎರಡು ಮೊಳ ಉದ್ದದ ಹಳೆಯ ನೀರಿನ ಪೈಪೊಂದು ಗೋಡೆಗೆ ಒರಗಿದೆ. ಅದರ ಬಾಯಿಗೆ ತುರುಕಿದ ಚಿಂದಿ ಬಟ್ಟೆಯನ್ನು ಎಳೆದು, ಒಳಗಿನಿಂದ ಸುರುಳಿ ಸುತ್ತಿದ ಕಂದು ಕಾಗದವನ್ನು ಹೊರಗೆ ತೆಗೆಯುತ್ತಾರೆ. ಸಿಮೆಂಟಿನ ಚೀಲದ ಒಳಪದರಗಳನ್ನು ಅಂಟಿಸಿ ಮಾಡಿದ ಕಾಗದ. ಬೆಳಕಿಗೆ ಹಿಡಿದರೆ ಅದರ ತುಂಬ ಸೂಜಿಯ ತೂತುಗಳು. ಹಿಂಬಾಗಿಲಿನ ಮೇಲೆ ಅದನ್ನು ಹರಡಿ ನಾಲ್ಕು ಮೂಲೆಗೂ ಟೇಪು ಹಚ್ಚುತ್ತಾರೆ. ಹಳೆಯ ಕಾಲುಚೀಲದಲ್ಲಿ ಇದ್ದಿಲ ಪುಡಿ ತುಂಬಿ ಕಟ್ಟಿದ ಗಂಟನ್ನು ತೂತುಗಳ ಮೇಲೆ ತಟ್ಟುತ್ತಾ ಹೋಗುತ್ತಾರೆ. ಮಗುವಿನ ಬೆನ್ನು ತಟ್ಟಿದ ಹಾಗೆ, ಮೆತ್ತಗೆ, ಒಂದೇ ಸಮನೆ. ಹತ್ತು ನಿಮಿಷ ಆ ಸದ್ದು ಬಿಟ್ಟರೆ ಶೆಡ್ಡಿನಲ್ಲಿ ಬೇರೆ ಸದ್ದಿಲ್ಲ.

ಕಾಗದ ಎತ್ತುತ್ತಾರೆ. ನೀಲಿಯ ಮೇಲೆ ಇರುವೆ ಸಾಲಿನಂತೆ ಕಪ್ಪು ಚುಕ್ಕಿಗಳು ಉಳಿದಿವೆ. ಸಾಲು ಹತ್ತಿ ಇಳಿದು ಒಂದು ಬೆಟ್ಟವಾಗಿದೆ. ಬೆಟ್ಟದ ಬಲಹೆಗಲಿನಲ್ಲಿ, ಇಲಿ ಕಡಿದಂತೆ ಒಂದು ಕಚ್ಚು. ಕೆಳಗೆ ಕೆರೆ, ಕೆರೆಗೆ ಇಳಿಯುವ ಮೆಟ್ಟಿಲು, ಏರಿಯ ಮೇಲೆ ನೀರಿನ ಕಡೆಗೆ ಬಾಗಿದ ಒಂದು ಮರ.

ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋದವರು ಈ ಬೆಟ್ಟವನ್ನು ನೋಡಿಯೇ ಇರುತ್ತಾರೆ. ಬರೆದವರು ಯಾರೆಂದು ಯಾರೂ ಕೇಳಿರಲಾರರು. ಬರೆದವರನ್ನು ಚಾಲಕರು ‘ಬೆಟ್ಟದಕ್ಕ’ ಎನ್ನುತ್ತಾರೆ. ಅವರಿಗಿಂತ ಹತ್ತು ವರ್ಷ ದೊಡ್ಡ ಚಾಲಕರೂ ಹಾಗೇ ಕರೆಯುತ್ತಾರೆ. ಮೂವತ್ತೊಂದು ವರ್ಷದಿಂದ ವಾರಕ್ಕೆ ನಾಲ್ಕರಂತೆ ಬರೆದ ಬೆಟ್ಟಗಳು ಆರು ಸಾವಿರಕ್ಕೆ ಕಡಿಮೆ ಇಲ್ಲ. ಎಲ್ಲ ಒಂದೇ ಬೆಟ್ಟ. ಅವರ ತವರಿನ ಬೆಟ್ಟ. ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೂವರೆ ದಿನದ ದಾರಿ.

ಕಾಗದದ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ಮೇಲೆ’ ಎಂದು ಬರೆದಿದೆ. ಈ ಬದಿ ಮೇಲೆ ಬರಬೇಕು ಎಂಬ ಗುರುತು ಅದು. ಮಗುಚಿ ನೋಡಿದರೆ ಹಿಂಬದಿಯಲ್ಲೂ ಒಂದು ‘ಮೇಲೆ’ ಇದೆ. ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಲಾಗಿದೆ. ಹೊಡೆದುಹಾಕಿ ಇನ್ನೂ ಎರಡು ತಿಂಗಳಾಗಿಲ್ಲ. ಅಲ್ಲಿಯವರೆಗೆ ರಸ್ತೆಯ ಮೇಲೆ ಓಡಾಡಿದ್ದು ಬೇರೆಯೇ ಬೆಟ್ಟ.

ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಇಲ್ಲಿಗೆ ಬಂದಾಗ ಅವರಿಗೆ ಬ್ರಷ್ಷು ಹಿಡಿಯಲೂ ಬರುತ್ತಿರಲಿಲ್ಲ. ಗಂಡ ಇದೇ ಶೆಡ್ಡಿನಲ್ಲಿ ಅಕ್ಷರ ಬರೆಯುವವರು. ನಂಬರು, ಮಾಲೀಕರ ಹೆಸರು, ‘ಅಂತರವಿರಲಿ’ ಎಂಬ ಬುದ್ಧಿಮಾತು. ಮನೆ ಶೆಡ್ಡಿನ ಹಿಂದೆಯೇ, ಒಂದು ಕೋಣೆ, ಒಂದು ಅಡುಗೆಯ ಮೂಲೆ. ಹಿತ್ತಲಿನ ಕಿಟಕಿ ತೆರೆದರೆ ಎದುರು ಗೋಡೆ. ಅದರಾಚೆ ಟೈರುಗಳ ರಾಶಿ. “ಬಂದ ಹೊಸದರಲ್ಲಿ ದಿನಾ ಬೆಳಗ್ಗೆ ಆ ಕಿಟಕಿ ತೆಗೀತಿದ್ದೆ. ಮರೆತು ತೆಗೀತಿದ್ದೆ. ಗೋಡೆ ಕಂಡ ಮೇಲೆ ಓ, ಇಲ್ಲಿ ಬೆಟ್ಟ ಇಲ್ಲ ಅಲ್ವಾ ಅಂತ ನೆನಪಾಗ್ತಿತ್ತು.”

ಮರುವರ್ಷ ಗಂಡನಿಗೆ ಜ್ವರ ಬಂತು. ಹನ್ನೆರಡು ದಿನ ಇಳಿಯಲಿಲ್ಲ. ಆಗಲೇ ಒಬ್ಬ ಚಾಲಕ ತನ್ನ ಹೊಸ ಲಾರಿಯ ಹಿಂದೆ ಒಂದು ‘ಸೀನರಿ’ ಬೇಕೆಂದು ಕೂತುಬಿಟ್ಟ. ಕೆಲಸ ಕೈಬಿಟ್ಟು ಹೋದರೆ ಬೇರೆ ಪೇಂಟರು ಬಂದು ಕೂರುತ್ತಾನೆ ಎಂಬ ಹೆದರಿಕೆ. ಮಂಚದ ಮೇಲೆ ಮಲಗಿದ್ದ ಗಂಡ, “ನೀನೇ ಬರಿ. ಏನು ಬರುತ್ತೋ ಅದನ್ನ ಬರಿ,” ಎಂದರು.

“ನನಗೆ ಬರ್ತಿದ್ದುದು ಏನು? ಚಿಕ್ಕವಳಿದ್ದಾಗ ನೆಲದ ಮೇಲೆ ಕಡ್ಡೀಲಿ ಗೀಚ್ತಿದ್ದೆ, ನಮ್ಮೂರ ಬೆಟ್ಟ, ಕೆರೆ, ಮರ. ಅದನ್ನೇ ಬರೆದೆ. ಆ ಮರದ ಮೇಲೆ ನಾವೆಲ್ಲ ಕುದುರೆ ಸವಾರಿ ಮಾಡ್ತಿದ್ವಿ. ಎಷ್ಟೋ ತಲೆಮಾರಿನ ಮಕ್ಕಳು ಕೂತು ಕೂತು ಅದರ ಬೆನ್ನು ನಮ್ಮ ಮನೆ ಒನಕೆಗಿಂತ ನುಣ್ಣಗಿತ್ತು.”

ಹೆಂಗಸು ಬರೆದದ್ದೆಂದು ಆ ಚಾಲಕನಿಗೆ ಯಾರೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದ. ಗೊತ್ತಾದ ಮೇಲೆ ಕೆಲವರು ಮುಖ ತಿರುಗಿಸಿದ್ದೂ ಉಂಟು. ಒಬ್ಬ, “ಹೆಂಗಸಿನ ಕೈ ಬಿದ್ರೆ ಗಾಡಿ ಏರು ಹತ್ತಲ್ಲ,” ಎಂದನಂತೆ. ಅದಕ್ಕೆ ಇನ್ನೊಬ್ಬ ಚಾಲಕನೇ ಉತ್ತರ ಕೊಟ್ಟ: “ಬೆಟ್ಟಾನೇ ಹಿಂದೆ ಬಿದ್ದ ಮೇಲೆ ಮುಂದೆ ಯಾವ ಏರಯ್ಯ ನಿನಗೆ?” ಆ ಮಾತು ಡಾಬಾದಿಂದ ಡಾಬಾಕ್ಕೆ ಹರಡಿತು. ಬೆಟ್ಟದ ಲಾರಿಗಳಿಗೆ ಬ್ರೇಕು ಕೈಕೊಡುವುದಿಲ್ಲ ಎಂಬ ನಂಬಿಕೆಯೂ ಹುಟ್ಟಿಕೊಂಡಿತು. “ನಂಬಿದೋರೆಲ್ಲ ಬ್ರೇಕ್ ಸರಿಯಾಗಿ ನೋಡಿಸ್ಕೋತಾರೆ, ಅದಕ್ಕೇ ಕೈಕೊಡಲ್ಲ,” ಎಂದು ಬೆಟ್ಟದಕ್ಕ ನಗುತ್ತಾರೆ.

ಬೆಳಗ್ಗೆ ಎಂಟರ ಒಳಗೆ ಚಿತ್ರದ ಕೆಲಸ ಮುಗಿದು ಲಾರಿ ಹೊರಗೆ ನಿಲ್ಲಬೇಕು. ಎಂಟಕ್ಕೆ ಕಬ್ಬಿಣ ಉಜ್ಜುವ ಯಂತ್ರ ಶುರುವಾಗುತ್ತದೆ. ಅದರ ಪುಡಿ ಒದ್ದೆ ಬಣ್ಣದ ಮೇಲೆ ಕೂತರೆ ಮೂರೇ ತಿಂಗಳಲ್ಲಿ ಆಕಾಶಕ್ಕೆ ತುಕ್ಕು ಹಿಡಿಯುತ್ತದೆ. ಎಂಟರಿಂದ ಮಧ್ಯಾಹ್ನದವರೆಗೆ ಬಾಗಿಲುಗಳಿಗೆ ಪಟ್ಟಿ ಎಳೆಯುವುದು, ಪ್ರೈಮರ್ ಬಳಿಯುವುದು. ಆಮೇಲೆ ಅಕ್ಷರ. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು ತೊಳೆದು ಬೆರಳಿನ ತುದಿಗಳು ಬಿರಿದಿವೆ. ಆಧಾರ ಇಲ್ಲದೆ ಮೊಣಕಾಲು ಮೇಲೇಳುವುದಿಲ್ಲ. ಥಿನ್ನರ್ ವಾಸನೆಗೆ ಮೂಗು ಸತ್ತು ಎಷ್ಟೋ ವರ್ಷವಾಯಿತು. “ಹಾಲು ಸೀದು ತಳ ಹತ್ತಿದ್ರೂ ನನಗೆ ಗೊತ್ತಾಗಲ್ಲ. ಇವರು ಕೂಗಿ ಹೇಳ್ಬೇಕು.”

‘ಇವರು’ ಎಂದರೆ ಗಂಡ. ಏಳು ವರ್ಷದಿಂದ ಅವರ ಕೈ ನಡುಗುತ್ತದೆ. ಅಕ್ಷರದ ಕೆಲಸವೂ ಹೆಂಡತಿಯ ಪಾಲಿಗೆ ಬಂದಿದೆ. ಅವರೀಗ ಬಣ್ಣ ಕಲಸುತ್ತಾರೆ, ಬ್ರಷ್ಷು ತೊಳೆಯುತ್ತಾರೆ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಂದವರಿಗೆಲ್ಲ ಹೆಂಡತಿಯ ಮೇಲೆ ಚಾಡಿ ಹೇಳುತ್ತಾರೆ. “ದೂರದ ಬೆಟ್ಟ ನುಣ್ಣಗೆ ಅಂತ ಎಲ್ಲರೂ ಹೇಳ್ತಾರೆ. ಇವಳದ್ದು ಉಲ್ಟಾ. ದೂರ ಆದಷ್ಟೂ ಒಂದೊಂದು ಕಲ್ಲೂ ಕಾಣುತ್ತೆ ಇವಳಿಗೆ.”

ಆದರೆ ಊರಿಗೆ ಹೋದದ್ದು ಮಾತ್ರ ಮೂರೇ ಸಲ. ತಂಗಿಯ ಮದುವೆಗೆ, ಅಪ್ಪ ತೀರಿಕೊಂಡಾಗ, ಅಮ್ಮ ತೀರಿಕೊಂಡಾಗ. ಅಮ್ಮ ಹೋಗಿ ಹದಿನಾಲ್ಕು ವರ್ಷವಾಯಿತು. ಆಮೇಲೆ ಹೋಗಿಲ್ಲ. ತಂಗಿ ಈಗಲೂ ಅದೇ ಊರಿನಲ್ಲಿ, ಕೆರೆಯ ಏರಿಯ ಪಕ್ಕದ ಮನೆಯಲ್ಲಿದ್ದಾಳೆ. ಪ್ರತಿ ಸಲ ಫೋನಿನಲ್ಲಿ ಕರೆಯುತ್ತಾಳೆ. ರಜೆ ಇಲ್ಲ, ಮೊಣಕಾಲು, ಇವರ ಔಷಧಿ ಎಂದು ಬೆಟ್ಟದಕ್ಕ ಏನಾದರೂ ಒಂದು ನೆವ ಹೇಳುತ್ತಾರೆ. ನಿಜವಾದ ಕಾರಣವನ್ನು ಅವರು ಇತ್ತೀಚಿನವರೆಗೆ ಗಂಡನಿಗೂ ಹೇಳಿರಲಿಲ್ಲ.

“ಮೂರು ಸಲವೂ ಬಸ್ಸಿಳಿದು ಬೆಟ್ಟ ನೋಡಿದಾಗ ಏನೋ ಬೇರೆ ಅನ್ನಿಸ್ತು. ನಂದಲ್ಲ ಅನ್ನೋ ಹಾಗೆ. ಯಾರದ್ದೋ ಮನೆ ಬಾಗಿಲಲ್ಲಿ ನಿಂತ ಹಾಗೆ. ದೂರ ಇದ್ದೂ ಇದ್ದೂ ನಾನೇ ಹೊರಗಿನವಳಾಗಿಬಿಟ್ಟೆ, ಊರಿಗೆ ನನ್ನ ಗುರುತು ಹತ್ತಲಿಲ್ಲ ಅಂತ ಸಂಕಟ ಆಗ್ತಿತ್ತು. ಇಲ್ಲಿಗೆ ಬಂದು ಹಲಗೆ ಮೇಲೆ ಬರೆದಾಗ ಸಮಾಧಾನ. ಇದು ನನ್ನ ಬೆಟ್ಟ ಅಂತ. ಮತ್ತೆ ಯಾಕೆ ಹೋಗೋದು, ಇಲ್ಲೇ ಇರಲಿ ಅಂತ ಸುಮ್ಮನಾದೆ.”

ಎರಡು ತಿಂಗಳ ಹಿಂದೆ ಶೆಡ್ಡಿನ ಮಾಲೀಕರಿಗೆ ದೊಡ್ಡ ಕೆಲಸವೊಂದು ಬಂತು. ಸಾಗಣೆ ಕಂಪನಿಯೊಂದರ ಅರವತ್ತು ಹೊಸ ಲಾರಿಗಳು. ಅರವತ್ತರ ಹಿಂದೆಯೂ ಇದೇ ಬೆಟ್ಟ ಬೇಕು, ಒಂದೇ ತಿಂಗಳಲ್ಲಿ ಬೇಕು. ಕೈಯಲ್ಲಿ ಬರೆದು ಆಗುವ ಮಾತಲ್ಲ. ಬೆಟ್ಟದಕ್ಕ ಒಂದು ಹಲಗೆಯ ಮೇಲೆ ಬರೆದುಕೊಡುವುದು, ಅದನ್ನು ಮುದ್ರಣದವರು ಚಿತ್ರ ತೆಗೆದು ಸ್ಟಿಕ್ಕರ್ ಮಾಡುವುದು, ಮುಂದೆ ಯಾರು ಕೇಳಿದರೂ ಅದೇ ಸ್ಟಿಕ್ಕರ್ ಅಂಟಿಸುವುದು ಎಂದಾಯಿತು.

ಈಗಿನ ಮಾಲೀಕ ಹಿಂದಿನ ಮಾಲೀಕರ ಮಗ. ಬೆಟ್ಟದಕ್ಕನ ಬಣ್ಣದ ಡಬ್ಬಕ್ಕೆ ಕೈ ಹಾಕಿ ಬೈಸಿಕೊಂಡು ಬೆಳೆದವರು. “ಬೇಜಾರಾ ಅಕ್ಕ?” ಎಂದು ಅವರೇ ಕೇಳಿದರು. ಬೇಜಾರೇನಿರಲಿಲ್ಲ. “ನನ್ನ ಕೈ ಇನ್ನೆಷ್ಟು ದಿನ? ಇವರ ಕೈ ನೋಡ್ತಿದ್ದೀನಲ್ಲ. ನಾನು ಬಿಟ್ಟ ಮೇಲೂ ನಮ್ಮ ಬೆಟ್ಟ ಓಡಾಡ್ಕೊಂಡಿರುತ್ತೆ ಅಂದ್ರೆ ಒಳ್ಳೇದೇ ಅಲ್ವಾ?” ಸೋಮವಾರದ ಹೊತ್ತಿಗೆ ಹಲಗೆ ತಯಾರಾಯಿತು. ಶನಿವಾರ ಮುದ್ರಣದವರು ಬಂದು ಒಯ್ಯುವುದೆಂದು ಗೊತ್ತಾಗಿತ್ತು. ಒಣಗಲೆಂದು ಅದನ್ನು ಶೆಡ್ಡಿನ ಗೋಡೆಗೆ ಒರಗಿಸಿದರು.

ಮಂಗಳವಾರ ಮಧ್ಯಾಹ್ನ ಬೆಸುಗೆಗೆಂದು ಬಂದ ಹಿರಿಯ ಚಾಲಕರೊಬ್ಬರು ಟೀ ಲೋಟ ಹಿಡಿದು ಆ ಹಲಗೆಯ ಮುಂದೆ ನಿಂತರು. ಬಹಳ ಹೊತ್ತು ನಿಂತರು.

“ಯಾರ ಕೈ ಇದು?”

“ನಂದೇ ಅಣ್ಣ.”

“ನಾನು ಆ ಕಡೆಯವನೇ. ಕೆರೆ, ಮೆಟ್ಟಿಲು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಅಕ್ಕ, ಆ ಕಚ್ಚು ಎಡಗಡೆ ಹಾಕಿದ್ದೀರಲ್ಲ. ಅದು ಬಲಗಡೆ ಅಲ್ವಾ?”

ಬೆಟ್ಟದಕ್ಕ ನಕ್ಕರು. “ನೀವು ಬೆಟ್ಟದ ಬೆನ್ನ ಕಡೆಯೋರು ಇರ್ಬೇಕು.”

“ಇಲ್ಲವ್ವ. ಕೆರೆ ಕಡೆಯಿಂದಾನೇ ನೋಡಿದ್ದು. ಈಗ ಏರಿ ಮೇಲೇ ರಸ್ತೆ ಅಲ್ವಾ, ತಿಂಗಳಿಗೆ ಎರಡು ಸಲ ಹೋಗ್ತೀನಿ.” ಅವರು ಟೀ ಮುಗಿಸಿ, ಲೋಟ ತೊಳೆದಿಟ್ಟು, ಹೊರಟುಹೋದರು.

ಅಂದು ಬೆಟ್ಟದಕ್ಕ ಮಧ್ಯಾಹ್ನದ ಊಟ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಎಡಕ್ಕೆ ಕಚ್ಚಿರುವ ಬೆಟ್ಟ ಬರುತ್ತಿತ್ತು. ಅದು ಊರಿನದೋ ಹಲಗೆಯದೋ ತಿಳಿಯುತ್ತಿರಲಿಲ್ಲ. “ಆರು ಸಾವಿರ ಸಲ ಬರೆದಿದ್ದೀನಿ, ನೋಡಿ. ನೋಡಿದ ನೆನಪು ಅಡಿಯಲ್ಲಿ ಎಲ್ಲೋ ಉಳೀತು, ಬರೆದದ್ದೇ ಮೇಲೆ ಮೇಲೆ ಕೂತಿದೆ. ಬಣ್ಣದ ಮೇಲೆ ಬಣ್ಣ ಬಳಿದ ಹಾಗೆ.” ಶನಿವಾರ ಹಲಗೆ ಹೋಗಿಬಿಟ್ಟರೆ, ತಪ್ಪೋ ಸರಿಯೋ, ತಾವು ಸತ್ತ ಮೇಲೂ ಅದೇ ಓಡಾಡುತ್ತದೆ.

ಸಂಜೆ ಗಂಡನ ಮುಂದೆ ಕಾಗದ ಹರಡಿ ಕೂತರು. ಇಲ್ಲಿ ಈ ಕಸುಬಿನ ಒಂದು ಸಂಗತಿ ಹೇಳಬೇಕು. ಚಿತ್ರವನ್ನು ಒಂದು ತೆಳು ಹಾಳೆಯಲ್ಲಿ ಬರೆದು, ಕೆಳಗೆ ದಪ್ಪ ಕಾಗದ ಇಟ್ಟು, ಗೆರೆಯ ಮೇಲೆ ಸೂಜಿಯಿಂದ ಚುಚ್ಚುತ್ತಾರೆ. ದಪ್ಪ ಕಾಗದದಲ್ಲಿ ತೂತು ಮಾತ್ರ ಮೂಡುತ್ತದೆ, ಗೆರೆ ಇರುವುದಿಲ್ಲ. ಚುಚ್ಚಿದಾಗ ಹಿಂಬದಿಯಲ್ಲಿ ಏಳುವ ತರಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ನಯ ಮಾಡುತ್ತಾರೆ. ಇಲ್ಲದಿದ್ದರೆ ಇದ್ದಿಲ ಪುಡಿ ಇಳಿಯುವುದಿಲ್ಲ. ತಿಕ್ಕಿದ ಮೇಲೆ ಕಾಗದದ ಎರಡು ಬದಿಯೂ ಒಂದೇ ಥರ. ಯಾವುದು ಮುಂದು, ಯಾವುದು ಹಿಂದು ಎಂದು ಕೈಗೂ ತಿಳಿಯದು, ಕಣ್ಣಿಗೂ ತಿಳಿಯದು.

“ಅಕ್ಷರದ ಕಾಗದ ಮಗುಚಿ ಬಿದ್ರೆ ಹಾಕಿದ ತಕ್ಷಣ ಗೊತ್ತಾಗುತ್ತೆ,” ಎಂದರು ಗಂಡ. “ಬೆಟ್ಟ ಮಗುಚಿದ್ರೆ ಯಾರಿಗೆ ಗೊತ್ತಾಗ್ಬೇಕು? ನನ್ನ ಜನ್ಮದಲ್ಲಿ ಅಕ್ಷರ ಬಿಟ್ಟು ಬೇರೆ ಬರೆದೋನಲ್ಲ ನಾನು.”

ಮೊದಲ ದಿನ ಆದದ್ದನ್ನು ಇಬ್ಬರೂ ಸೇರಿ ನೆನಪು ಮಾಡಿಕೊಂಡರು. ಹೆಂಡತಿ ಬರೆದು, ಚುಚ್ಚಿ, ತಿಕ್ಕಿ, ಕಾಗದವನ್ನು ಮಂಚದ ಬಳಿ ತಂದರು. ಗಂಡ ಜ್ವರದಲ್ಲೇ ಅದನ್ನು ಎತ್ತಿ ಎತ್ತಿ ನೋಡಿದರು. ಮತ್ತೆಂದೂ ಗೊಂದಲ ಆಗದಿರಲಿ ಎಂದು, ಬ್ರಷ್ಷು ತರಿಸಿಕೊಂಡು, ಮೂಲೆಯಲ್ಲಿ ತಮ್ಮ ಚೆಂದದ ಅಕ್ಷರದಲ್ಲಿ ‘ಮೇಲೆ’ ಎಂದು ಬರೆದುಕೊಟ್ಟರು. ಕಾಗದ ಸವೆದು ನಾಲ್ಕು ಸಲ ಬದಲಾಗಿದೆ. ಪ್ರತಿ ಸಲವೂ ಹಳೆಯದರ ಮೂಲೆ ನೋಡಿಯೇ ಹೊಸದರ ಮೂಲೆಗೆ ‘ಮೇಲೆ’ ಬರೆದದ್ದು.

“ಜ್ವರದಲ್ಲಿ ಯಾವ ಬದಿಗೆ ಬರೆದೆನೋ,” ಎಂದರು ಗಂಡ.

“ಅವತ್ತು ಬರೆದು ಮುಗಿಸಿದಾಗ ನನಗೆ ಏನೋ ಬೇರೆ ಅನ್ನಿಸಿತ್ತು ರೀ.”

“ಹೇಳ್ಬೇಕಿತ್ತಲ್ಲೇ.”

“ಏನಂತ ಹೇಳೋದು? ಆಗ ನನಗೆ ಇಲ್ಲಿ ಎಲ್ಲವೂ ಬೇರೆ ಅನ್ನಿಸ್ತಿತ್ತು. ನೀರು ಬೇರೆ, ಮಲಗೋ ದಿಕ್ಕು ಬೇರೆ. ಇದೂ ಹಾಗೇ ಅಂದ್ಕೊಂಡೆ.”

ಬುಧವಾರ ಬೆಳಕು ಹರಿಯುವ ಹೊತ್ತಿಗೆ ತಂಗಿಗೆ ಫೋನು ಮಾಡಿದರು. ಹೊತ್ತಲ್ಲದ ಹೊತ್ತಿನ ಫೋನಿಗೆ ತಂಗಿ ಹೆದರಿದಳು. “ಭಾವ ಹುಷಾರಿದ್ದಾರಾ?”

“ಚೆನ್ನಾಗೇ ಇದ್ದಾರೆ, ಪಕ್ಕದಲ್ಲೇ ಗೊರಕೆ. ನೀನು ಆಚೆ ಬಾ. ಮೆಟ್ಟಿಲ ಹತ್ರ ಬಂದು ನಿಲ್ಲು.”

“ಹಾಲು ಒಲೆ ಮೇಲಿದೆ ಕಣೆ ಅಕ್ಕ.”

“ಇಳಿಸಿ ಬಾ.”

ತಂಗಿ ಗೊಣಗುತ್ತಾ ಬಂದಳು. ಬಾಗಿಲ ಅಗುಳಿ, ಚಪ್ಪಲಿ, ಯಾರದೋ ನಾಯಿಯನ್ನು ಗದರಿಸಿದ್ದು ಎಲ್ಲ ಫೋನಿನಲ್ಲಿ ಕೇಳಿಸಿತು. “ಬಂದೆ. ಕೆರೆಗೆ ಮುಖ ಮಾಡಿ ನಿಂತಿದ್ದೀನಿ. ಏನೀಗ, ಹಾರಬೇಕಾ?”

“ಬೆಟ್ಟದ ಕಚ್ಚು ಯಾವ ಕಡೆ ಇದೆ ಹೇಳು.”

“ಇದಕ್ಕಾ ಎಬ್ಬಿಸಿದ್ದು? ಬಲಗಡೆ. ಊಟ ಮಾಡೋ ಕೈ ಕಡೆ. ಯಾಕೆ, ಎದ್ದು ಓಡಿಹೋಗಿದೆ ಅಂದ್ಕೊಂಡ್ಯಾ?” ಅವಳೇ ಮುಂದುವರಿಸಿದಳು: “ಬಿಸಿಲು ಈಗ ತಾನೇ ಆ ಕಚ್ಚಿನೊಳಗಿಂದ ಬರ್ತಿದೆ ಅಕ್ಕ. ನೀರಿನ ಮೇಲೆ ಬಿದ್ದಿದೆ.”

ಬೆಟ್ಟದಕ್ಕನ ಕೈ ತನ್ನಷ್ಟಕ್ಕೇ ಬಲಗೆನ್ನೆಗೆ ಹೋಗಿತ್ತು. ಬೆಳಗ್ಗೆ ನೀರಿಗೆ ಹೋಗಿ ಮೆಟ್ಟಿಲ ಮೇಲೆ ನಿಂತರೆ ಬಿಸಿಯಾಗುತ್ತಿದ್ದುದು ಆ ಕೆನ್ನೆಯೇ. ಕೆನ್ನೆಗೆ ಗೊತ್ತಿತ್ತು. ಆ ಬೆಳಕನ್ನು ಅವರು ಒಂದು ದಿನವೂ ತಪ್ಪಿ ಬರೆದಿರಲಿಲ್ಲ. ಬೆಳಕಿಗೆ ಕಾಗದದಲ್ಲಿ ತೂತು ಇರಲಿಲ್ಲ, ಅದನ್ನು ಪ್ರತಿ ಸಲ ನೆನಪಿನಿಂದಲೇ ಹಚ್ಚುತ್ತಿದ್ದರು, ಬಲದಿಂದ. ಬೆಟ್ಟ ಮಾತ್ರ ಮಗುಚಿತ್ತು.

“ಮರ ಯಾವ ಕಡೆ ಬಾಗಿದೆ, ಅದನ್ನೂ ಹೇಳಿಬಿಡು. ಅದೂ ತಿರುಗಿರುತ್ತೆ.”

ಆ ಕಡೆ ನಾಯಿ ಮತ್ತೆ ಬೊಗಳಿದ್ದಷ್ಟೇ ಕೇಳಿಸಿತು.

“ಕೇಳಿಸ್ತಿದೆಯೇನೇ?”

“ಮರ ಇಲ್ಲ ಅಕ್ಕ,” ಎಂದಳು ತಂಗಿ. “ಏರಿ ಮೇಲೆ ರಸ್ತೆ ಮಾಡಿದಾಗ ಬೇರು ಸಡಿಲ ಆಯ್ತು. ಒಂದು ಗಾಳಿಗೆ ಬಿತ್ತು. ಒಂಬತ್ತು ವರ್ಷ ಆಯ್ತು.”

“ಇಷ್ಟು ದಿನ ಹೇಳಲಿಲ್ಲವಲ್ಲೇ.”

“ನಿನ್ನ ಲಾರಿ ಈ ರಸ್ತೇಲಿ ಆಗಾಗ ಹೋಗುತ್ತೆ. ಹಿಂದೆ ಮರ ಇರುತ್ತೆ. ಕಚ್ಚು ಆ ಕಡೆಯೋ ಈ ಕಡೆಯೋ ನಾನ್ಯಾವತ್ತೂ ನೋಡ್ಲಿಲ್ಲ, ಮರಾನೇ ನೋಡ್ತಿದ್ದೆ. ಹೇಳಿದ್ರೆ ನೀನು ಬರೆಯೋದು ಬಿಟ್ಟುಬಿಡ್ತೀಯ ಅಂತ ಹೇಳ್ಲಿಲ್ಲ.”

ಅಂದು ಬೆಳಗ್ಗೆ ಮಾಲೀಕರು ಬಂದಾಗ ಬೆಟ್ಟದಕ್ಕ ಹಲಗೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು.

“ಇದನ್ನ ಕೊಡಲ್ಲಪ್ಪ. ಬೆಟ್ಟ ತಪ್ಪಾಗಿದೆ.”

ಕಚ್ಚು ಎಡಕ್ಕೆ ಬಿದ್ದದ್ದನ್ನು ಮಾಲೀಕರಿಗೆ ಬಿಡಿಸಿ ಹೇಳಬೇಕಾಯಿತು. “ಯಾರಕ್ಕ ನೋಡ್ತಾರೆ? ಎಡಗಡೆ ಆದ್ರೂ ಬೆಟ್ಟಾನೇ, ಬಲಗಡೆ ಆದ್ರೂ ಬೆಟ್ಟಾನೇ. ಅಷ್ಟು ಬೇಕಾದ್ರೆ ಕಂಪ್ಯೂಟರಲ್ಲಿ ತಿರುಗಿಸಿಬಿಡ್ತಾರೆ, ಒಂದು ಬಟನ್ ಒತ್ತಿದ್ರೆ ಆಯ್ತು.”

“ಹಾಗೆ ತಿರುಗಿಸಿದ್ರೆ ಬೆಳಕೂ ತಿರುಗುತ್ತೆ. ಬೆಟ್ಟ ಸರಿ ಹೋಗುತ್ತೆ, ಬೆಳಗ್ಗೆ ಹೋಗಿ ಸಂಜೆ ಆಗುತ್ತೆ.”

“ಆಗ್ಲಿ ಬಿಡಿ. ಸಂಜೇಲಿ ಲಾರಿ ಓಡಲ್ವಾ?”

“ನಮ್ಮೂರಲ್ಲಿ ಸಂಜೆ ಹೊತ್ತು ಆ ಬೆಟ್ಟ ಹಾಗೆ ಕಾಣಲ್ಲಪ್ಪ. ಬೂದಿ ರಾಶಿ ಥರ ಕಾಣುತ್ತೆ. ಶನಿವಾರ ಮಧ್ಯಾಹ್ನದೊಳಗೆ ಬೇರೆ ಹಲಗೆ ಕೊಡ್ತೀನಿ. ಕೊಡದಿದ್ರೆ ಇದನ್ನೇ ತಗೊಂಡು ಹೋಗು. ಆದ್ರೆ ಆಮೇಲೆ ನನ್ನನ್ನ ಬೆಟ್ಟದಕ್ಕ ಅಂತ ಕರೀಬೇಡ.”

ಮಾಲೀಕರು ಹಲಗೆಯ ಬೆನ್ನನ್ನೂ ಅವರನ್ನೂ ಒಂದೊಂದು ಸಲ ನೋಡಿ, “ಬೇಗ ಒಣಗೋ ಬಣ್ಣ ತರಿಸ್ತೀನಿ,” ಎಂದು ಫೋನು ತೆಗೆದರು.

ಕಾಗದ ಮಗುಚಲು ಒಂದು ಗಳಿಗೆ ಸಾಕಾಯಿತು. ಕೈ ಮಗುಚಲು ಎರಡು ದಿನ ಹಿಡಿಯಿತು. ಮೂವತ್ತೊಂದು ವರ್ಷ ಎಡಕ್ಕೆ ಇಳಿದ ಬ್ರಷ್ಷು ಎಡಕ್ಕೇ ಜಾರುತ್ತಿತ್ತು. ಗುರುವಾರ ಬೆಟ್ಟದ ಹೆಗಲನ್ನು ಮೂರು ಸಲ ಒರೆಸಿ ಮೂರು ಸಲ ಬರೆದರು. ಕಟ್ಟುವ ಗೊಂತು ಬದಲಾಯಿಸಿದರೂ ಹಸು ಹಳೆಯ ಜಾಗಕ್ಕೇ ಹೋಗುತ್ತದೆ ಎಂದು ಗಂಡ ಸ್ಟೂಲಿನ ಮೇಲಿಂದ ಹೇಳಿ ಬೈಸಿಕೊಂಡರು. ಶುಕ್ರವಾರ ಬೆಳಗ್ಗೆ ಬೆಳಕು ಹಚ್ಚುವ ಸರದಿ ಬಂತು. ಬಿಳಿಗೆ ಒಂದು ತೊಟ್ಟು ಹಳದಿ, ತೊಟ್ಟಿಗಿಂತ ಕಡಿಮೆ ಕೆಂಪು. ಆ ಹದ ಗಂಡನಿಗೆ ಮಾತ್ರ ಗೊತ್ತು, ಕೈ ನಡುಗಿದರೂ ಹದ ತಪ್ಪುವುದಿಲ್ಲ. ಬೆಟ್ಟದಕ್ಕ ಎಂದಿನಂತೆ ಬಲದಿಂದ ಬ್ರಷ್ಷು ತಂದರು. ಈ ಸಲ ಬೆಳಕಿನ ದಾರಿಯಲ್ಲಿ ಕಚ್ಚು ಇತ್ತು. ಬ್ರಷ್ಷು ಕಚ್ಚಿನೊಳಗಿಂದ ಇಳಿದು ಬೆಟ್ಟದ ಇಳಿಜಾರು ಸವರಿ ನೀರು ಮುಟ್ಟಿತು.

“ಇಷ್ಟು ವರ್ಷ ಬೆಳಕು ಹಚ್ಚುವಾಗ ಎಲ್ಲೋ ಅಡ್ಡ ಬರೋದು. ಏನೂಂತ ಗೊತ್ತಾಗ್ತಿರಲಿಲ್ಲ. ಅವತ್ತು ಸರಾಗವಾಗಿ ಹೋಯ್ತು. ಆಗ ತಿಳೀತು. ಊರಿಗೆ ಹೋದಾಗ ಬೆಟ್ಟ ಬೇರೆ ಅನ್ನಿಸ್ತಿದ್ದುದು ನಾನು ಹೊರಗಿನವಳಾಗಿದ್ದಕ್ಕಲ್ಲ. ಕಾಗದ ಮಗುಚಿ ಬಿದ್ದಿತ್ತು, ಅಷ್ಟೇ.” ಇದನ್ನು ಹೇಳುವಾಗ ಅವರು ಬ್ರಷ್ಷಿನ ಹಿಡಿಯಿಂದ ಹಣೆಯ ಕೂದಲು ಸರಿಸುತ್ತಾರೆ. ಹಣೆಗೆ ಸ್ವಲ್ಪ ನೀಲಿ ಅಂಟುತ್ತದೆ. “ಹದಿನಾಲ್ಕು ವರ್ಷ ಹೋಗಲಿಲ್ಲ, ನೋಡಿ. ಒಂದು ಕಾಗದಕ್ಕೆ.”

ಶನಿವಾರ ಮಧ್ಯಾಹ್ನ ಹೊಸ ಹಲಗೆ ಹೋಯಿತು. ಅರವತ್ತು ಲಾರಿಗಳೂ ಹೊರಟುಹೋಗಿವೆ. ಹಳೆಯ ಲಾರಿಗಳು ಬಣ್ಣಕ್ಕೆ ಬಂದರೆ ಬೆಟ್ಟದಕ್ಕ ತಾವಾಗಿಯೇ ಬೆಟ್ಟ ತಿರುಗಿಸಿ ಬರೆದುಕೊಡುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ಕಳೆದ ವಾರ ಬಂದ ಒಬ್ಬ ಚಾಲಕ ಹಿಂಬಾಗಿಲಿಗೆ ಅಡ್ಡ ನಿಂತುಬಿಟ್ಟನಂತೆ: “ಹದಿನಾರು ವರ್ಷ ಈ ಬೆಟ್ಟ ನನ್ನ ಕಾದಿದೆ ಅಕ್ಕ. ನಿಮ್ಮೂರದ್ದು ಯಾವ ಕಡೆಗಾದ್ರೂ ಇರ್ಲಿ, ನಂದು ಎಡಗಡೇನೇ.” ಅವನದನ್ನು ಹಾಗೇ ಬಿಟ್ಟಿದ್ದಾರೆ.

ಗಂಟೆ ಏಳೂಮುಕ್ಕಾಲು. ಇಂದಿನ ಹಿಂಬಾಗಿಲಿನಲ್ಲಿ ಬೆಟ್ಟ, ಕೆರೆ, ಬೆಳಕು ಮುಗಿದಿವೆ. ಇನ್ನು ಉಳಿದಿರುವುದು ಮರ. ಚುಕ್ಕಿಗಳ ಮೇಲೆ ಅಳಿಲ ಕೂದಲಿನ ಸಣ್ಣ ಬ್ರಷ್ಷು ಓಡುತ್ತಿದೆ. ಮುಂದಿನ ತಿಂಗಳ ಮೊದಲ ವಾರಕ್ಕೆ ಇಬ್ಬರಿಗೂ ಬಸ್ಸಿನ ಟಿಕೆಟ್ಟು ಆಗಿದೆ. ತಂಗಿ ಆಗಲೇ ಹಾಸಿಗೆ ಬಿಸಿಲಿಗೆ ಹಾಕಲು ಶುರುಮಾಡಿದ್ದಾಳಂತೆ. ಏನೇನು ಒಯ್ಯುತ್ತೀರಿ ಎಂದರೆ ಬೆಟ್ಟದಕ್ಕ ಗೋಡೆಗೆ ಒರಗಿದ ಪೈಪನ್ನು ತೋರಿಸುತ್ತಾರೆ.

“ಕಾಗದ ತಗೊಂಡು ಹೋಗ್ತೀನಿ. ಬೆಳಗ್ಗೆ ಮೆಟ್ಟಿಲ ಮೇಲೆ ನಿಂತು ಎತ್ತಿ ಹಿಡಿದು ನೋಡ್ಬೇಕು. ತೂತಿಗೆ ತೂತು ಬೆಟ್ಟ ಕೂಡುತ್ತಾ ಅಂತ. ಅದೊಂದು ಆಸೆ.”

“ಬಸ್ಸಲ್ಲಿ ಆ ಪೈಪನ್ನ ನಾನೇ ಹಿಡ್ಕೊಂಡು ಕೂರ್ಬೇಕು, ಬಿಡಿ,” ಎನ್ನುತ್ತಾರೆ ಗಂಡ, ಬಾಗಿಲ ಬಳಿಯಿಂದ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಮರದ ತೂತಲ್ಲಿ ಏನು ಕಾಣುತ್ತೇ?”

ಬ್ರಷ್ಷು ನಿಲ್ಲುವುದಿಲ್ಲ. ಬಾಗಿದ ಕಾಂಡದ ಬೆನ್ನಿನ ಮೇಲೆ, ಮಕ್ಕಳು ಕೂತು ನುಣುಪಾದ ಜಾಗಕ್ಕೆ, ಅವರು ಒಂದು ತೆಳು ಬಿಳಿಗೆರೆ ಎಳೆಯುತ್ತಾರೆ.

“ಆಕಾಶ ಕಾಣುತ್ತೆ,” ಎನ್ನುತ್ತಾರೆ. “ಕಂಡ್ರೆ ಕಾಣ್ಲಿ. ಮರ ಕಾಗದದಲ್ಲಿದೆಯಲ್ಲ.”